ಉಣ್ಣೆಯ ಕುಣಿಕೆಯಲ್ಲಿ ಸೆರೆಯಾದ ಗಾಳಿ

ಉಣ್ಣೆಯ ಉಡುಪು ಮೈಯನ್ನು ಬೆಚ್ಚಗಿಡುತ್ತದೆ ಎಂಬುದು ಮಕ್ಕಳಿಗೂ ತಿಳಿದ ಸಂಗತಿ. ಆದರೆ ಉಣ್ಣೆಗೆ ತನ್ನದೆಂಬ ಶಾಖವುಂಟೆ? ಈ ಪ್ರಶ್ನೆ ನಮ್ಮೆದುರು ಬಂದು ನಿಂತದ್ದು ಒಂದು ಡಿಸೆಂಬರಿನಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ಹಳೆಯ ಕಲ್ಲುಮನೆಯೊಂದಕ್ಕೆ ನಾವು ಒಕ್ಕಲು ಹೋದಾಗ. ಸುಮಾರು 56 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಆ ಊರಿನಲ್ಲಿ ನಡುಚಳಿಗಾಲದ ಹಗಲು ಏಳು ಗಂಟೆಗಳಷ್ಟೆ. ಸಾಮಾನುಗಳಿನ್ನೂ ಪೆಟ್ಟಿಗೆಗಳಲ್ಲಿದ್ದವು, ನೆಲಕ್ಕೆ ಜಮಖಾನೆಯಿಲ್ಲ, ಕಿಟಕಿಗಳಿಗೆ ಪರದೆಯಿಲ್ಲ. ಡಿಸೆಂಬರ್ 25ರ ಕ್ರಿಸ್‌ಮಸ್ ಹಬ್ಬದೊಳಗೆ ನೆರೆಮನೆಯ ಹಸುಗೂಸಿಗೊಂದು ಟೋಪಿ, ಅದರ ಅಜ್ಜಿಗೊಂದು ಕೊರಳವಸ್ತ್ರ ಹೆಣೆದು ಮುಗಿಸಬೇಕಾಗಿದ್ದಿತು. ಉಷ್ಣಮಾಪಕ 18 ಡಿಗ್ರಿ ಸೆಂಟಿಗ್ರೇಡ್ ತೋರಿಸುತ್ತಿದ್ದರೂ ಬೆರಳುಗಳು ಮರಗಟ್ಟಿ ಕಡ್ಡಿಗಳು ಜಾರುತ್ತಿದ್ದವು.

ಇದೇಕೆ ಹೀಗೆ? ನಮ್ಮ ಮೈ ಶಾಖವನ್ನು ಕಳೆದುಕೊಳ್ಳುವುದು ಸುತ್ತಣ ಗಾಳಿಗೆ ಮಾತ್ರವಲ್ಲ. ವಿಕಿರಣದ ಮೂಲಕ ಎದುರಿನ ಗೋಡೆಗಳಿಗೂ ಹೌದು. ಬಹುಕಾಲ ಬರಿದಾಗಿದ್ದ ಮನೆಯ ದಪ್ಪ ಕಲ್ಲುಗೋಡೆ ಬೆಚ್ಚಗಾಗಲು ದಿನಗಳೇ ಬೇಕು. ಅದುವರೆಗೆ ಗಾಳಿ ಕಾದಿದ್ದರೂ ನಮಗೆ ಚಳಿಯೇ. ಮೇಲಾಗಿ, ತಣ್ಣನೆಯ ಗಾಜನ್ನು ಮುಟ್ಟಿದ ಗಾಳಿ ಭಾರವಾಗಿ ಕೆಳಗಿಳಿದು ನೆಲದ ಮೇಲೆ ಹರಿಯುತ್ತದೆ.

ಈ ಗಾಳಿಯೇ ಚಲಿಸದೆ ನಿಂತರೆ ನಮ್ಮ ಮಿತ್ರ. ನಿಶ್ಚಲವಾದ ಗಾಳಿಯ ಉಷ್ಣವಾಹಕತೆ ನೀರಿನದಕ್ಕೆ ಹೋಲಿಸಿದರೆ ಇಪ್ಪತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಅದನ್ನು ನಿಲ್ಲಿಸುವುದೇ ಉಣ್ಣೆಯ ಕೆಲಸ. ಕುರಿಯ ತುಪ್ಪಟದ ಎಳೆ ನೇರವಾಗಿರದೆ ಅಲೆಯಲೆಯಾಗಿ ಸುರುಟಿಕೊಂಡಿರುತ್ತದೆ. ಆದುದರಿಂದ ಎಳೆಗಳು ಒಂದಕ್ಕೊಂದು ಒತ್ತಿ ಕೂಡಲಾರವು. ನಡುವೆ ಅಸಂಖ್ಯ ಗಾಳಿಗೂಡುಗಳು ಉಳಿಯುತ್ತವೆ.

ಹೆಣಿಗೆ ಈ ಗುಣವನ್ನು ಹೆಚ್ಚಿಸುತ್ತದೆ. ನಮ್ಮ ಕುರುಬರ ಕಂಬಳಿ ನೇಯ್ದದ್ದು. ಅದರಲ್ಲಿ ಹಾಸು ಹೊಕ್ಕುಗಳೆಂಬ ಎರಡು ಸಾಲು ನೂಲುಗಳು ಅಡ್ಡಹಾಯುತ್ತವೆ. ಹೆಣಿಗೆಯಲ್ಲಾದರೋ ಒಂದೇ ನೂಲು ಕುಣಿಕೆಯೊಳಗೆ ಕುಣಿಕೆಯಾಗಿ ಸಾಗುತ್ತದೆ. 20 ಸೆಂಟಿಮೀಟರ್ ಅಗಲ, 150 ಸೆಂಟಿಮೀಟರ್ ಉದ್ದದ ಕೊರಳವಸ್ತ್ರಕ್ಕೆ ಸೆಂಟಿಮೀಟರಿಗೆ 2 ಕುಣಿಕೆ, 3 ಸಾಲಿನಂತೆ ಲೆಕ್ಕ ಹಾಕಿದರೆ 18,000 ಕುಣಿಕೆಗಳಾದವು! ಇವೆಲ್ಲ ಗಾಳಿಯನ್ನು ಹಿಡಿಯುವ ಬಲೆಗಳು. ಆದರೆ ಬಿರುಗಾಳಿ ಈ ಕಂಡಿಗಳಲ್ಲಿ ನುಗ್ಗಬಲ್ಲುದು. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಫೇರ್ ಐಲ್ ದ್ವೀಪದ ಹೆಣಿಗೆಯಲ್ಲಿ ಇದಕ್ಕೊಂದು ಪರಿಹಾರವುಂಟು. ಅಲ್ಲಿ ಒಂದು ಸಾಲಿನಲ್ಲಿ ಎರಡು ಬಣ್ಣದ ನೂಲುಗಳಿರುತ್ತವೆ. ಒಂದು ಕುಣಿಕೆಯಾಗುವಾಗ ಇನ್ನೊಂದು ಹಿಂಬದಿಯಲ್ಲಿ ಹಾಯ್ದು ಎರಡನೆಯ ಪದರವಾಗುತ್ತದೆ. ಚೆಲುವಿಗೆ ಚೆಲುವು, ಬೆಚ್ಚನೆಗೆ ಬೆಚ್ಚನೆ!

ಉಣ್ಣೆಗೆ ಮತ್ತೊಂದು ಗುಣವಿದೆ. ತನ್ನ ತೂಕದ ಸುಮಾರು ಮೂರರಲ್ಲೊಂದು ಪಾಲಿನಷ್ಟು ನೀರಾವಿಯನ್ನು ಅದು ಒದ್ದೆಯೆನಿಸದಂತೆ ಹೀರಬಲ್ಲುದು. ಹೀರುವಾಗ ಕೊಂಚ ಶಾಖವೂ ಹೊರಬೀಳುತ್ತದೆ. ಒಣಗಿದ ಕೋಣೆಯಿಂದ ತೇವದ ಬೀದಿಗಿಳಿದಾಗ ಉಣ್ಣೆಯ ಅಂಗಿ ಹಿತವೆನಿಸಲು ಇದೂ ಒಂದು ಕಾರಣ.

ಹಬ್ಬಕ್ಕೆ ಮೂರು ದಿನವಿರುವಾಗ ಟೋಪಿ ಸಿದ್ಧವಾಯಿತು. ಕೂಸಿನದೆಂದು ಬಿಸಿನೀರಿನಲ್ಲಿ ಚೆನ್ನಾಗಿ ಉಜ್ಜಿ ತೊಳೆದೆವು. ಅದು ಮುದುಡಿ ಅರ್ಧಕ್ಕಿಳಿಯಿತು! ಉಣ್ಣೆಯ ಎಳೆಯ ಮೇಲೆ ಮೀನಿನ ಹುರುಪೆಗಳಂಥ ಸೂಕ್ಷ್ಮ ಪದರಗಳಿವೆ. ಅವುಗಳ ಅಂಚು ಎಳೆಯ ತುದಿಯತ್ತ ಬಾಗಿರುತ್ತದೆ. ಬಿಸಿನೀರಿನಲ್ಲಿ ಉಜ್ಜಿದಾಗ ಎಳೆಗಳು ಒಂದೇ ದಿಕ್ಕಿಗೆ ಜಾರಬಲ್ಲುವು, ಹಿಂದಿರುಗಲಾರವು. ಆದುದರಿಂದ ಹೆಣೆದುಕೊಂಡು ಗಟ್ಟಿಯಾಗುತ್ತವೆ. ಉಣ್ಣೆಗೆ ತಣ್ಣೀರು, ಮೃದುವಾದ ಕೈ ಸಾಕೆಂಬ ಪಾಠಕ್ಕೆ ನಾವು ತೆತ್ತ ಬೆಲೆ ಎರಡು ರಾತ್ರಿಗಳ ನಿದ್ದೆ. ಎರಡನೆಯ ಟೋಪಿ ಹಬ್ಬದ ಹಿಂದಿನ ರಾತ್ರಿ ಮುಗಿಯಿತು.

ಅಷ್ಟು ಹೊತ್ತಿಗೆ ಪರದೆ ಕಟ್ಟಿದ್ದಾಯಿತು, ಜಮಖಾನೆ ಹಾಸಿದ್ದಾಯಿತು, ಗೋಡೆಗಳೂ ಬೆಚ್ಚಗಾದುವು. ಕಿಟಕಿಗೂ ಪರದೆಗೂ ನಡುವೆ ನಿಂತ ಗಾಳಿಯು ಕುಣಿಕೆಯೊಳಗಿನ ಗಾಳಿಯ ಅಣ್ಣನಲ್ಲದೆ ಬೇರೆಯಲ್ಲ.

ಕುಗ್ಗಿದ ಟೋಪಿ ಚಹದ ಪಾತ್ರೆಗೆ ಮುಸುಕಾಯಿತು. ಚಹ ಬಹಳ ಹೊತ್ತು ಬಿಸಿಯಾಗಿರುತ್ತಿದ್ದಿತು. ಹಾಗಾದರೆ ಉಣ್ಣೆಯೇ ಕಾಯಿಸುವುದೆ? ಎರಡು ಮಂಜುಗಡ್ಡೆಗಳಲ್ಲಿ ಒಂದಕ್ಕೆ ಕಂಬಳಿ ಸುತ್ತಿ, ಇನ್ನೊಂದನ್ನು ಬರಿದೇ ಬಿಟ್ಟು ನೋಡಿರಿ. ಬೇಗ ಕರಗುವುದು ಯಾವುದೆಂದು ಕಂಡಾಗ ನಮ್ಮ ಮೊದಲ ಪ್ರಶ್ನೆಗೆ ಉತ್ತರ ತಾನಾಗಿಯೇ ದೊರೆಯುತ್ತದೆ.