ಗಿಲ್‌ಗೊಂದು ಪ್ರಾರ್ಥನೆ

1953ರ ಮೇ ತಿಂಗಳ ಒಂದು ಭಾನುವಾರ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ವಿಪರೀತ ಸೆಕೆ. ಸೇಂಟ್ ಫ್ರಾನ್ಸಿಸ್ ಕ್ಸೇವಿಯರ್ ಚರ್ಚಿನಲ್ಲಿ ಬಲಿಪೂಜೆಗೆ ಬಂದಿದ್ದವರ ಮುಂದೆ ನಿಂತ ಫಾದರ್ ಹರ್ಬರ್ಟ್ ರೆಡ್ಮಂಡ್ ಆವತ್ತಿನ ಪ್ರಬೋಧನೆಯನ್ನೇ ಕೈಬಿಟ್ಟರು. ಇಂಥ ಸೆಕೆಯಲ್ಲಿ ಉಪದೇಶ ಬೇಡ, ಮನೆಗೆ ಹೋಗಿ, ದೇವರ ಕಟ್ಟಳೆಗಳನ್ನು ಪಾಲಿಸಿ, ಹಾಗೇ ಗಿಲ್ ಹಾಡ್ಜಸ್‌ಗೋಸ್ಕರ ಒಂದು ಪ್ರಾರ್ಥನೆ ಮಾಡಿ ಎಂದು ಹೇಳಿ ಎಲ್ಲರನ್ನೂ ಕಳಿಸಿಕೊಟ್ಟರು.

ಗಿಲ್ ಹಾಡ್ಜಸ್ ಬ್ರೂಕ್ಲಿನ್ ಡಾಡ್ಜರ್ಸ್ ಬೇಸ್‌ಬಾಲ್ ತಂಡದ ಆಟಗಾರ, ವಯಸ್ಸು 29. ಅವನಿಗೆ ಬಂದಿದ್ದ ಕಷ್ಟವೆಂದರೆ ಬ್ಯಾಟಿಗೆ ಚೆಂಡು ಸಿಗದೆ ಹೋದದ್ದು. ಹಿಂದಿನ ಅಕ್ಟೋಬರಿನಲ್ಲಿ ವರ್ಲ್ಡ್ ಸೀರೀಸ್ ಎಂಬ ಅಂತಿಮ ಸರಣಿಯಲ್ಲಿ, ಅದೂ ಪಕ್ಕದ ಬ್ರಾಂಕ್ಸಿನ ಬದ್ಧವೈರಿ ಯಾಂಕೀಸ್ ವಿರುದ್ಧ, 7 ಪಂದ್ಯಗಳಲ್ಲಿ ಲೆಕ್ಕಕ್ಕೆ ಸೇರುವ 21 ಅವಕಾಶ ಸಿಕ್ಕಿದ್ದವು. ಒಂದೇ ಒಂದು ಹಿಟ್ ಬರಲಿಲ್ಲ. ಬೇಸ್‌ಬಾಲ್‌ನಲ್ಲಿ ಹತ್ತಕ್ಕೆ ಮೂರು ಸಲ ಹಿಟ್ ಹೊಡೆದವನನ್ನು ದೊಡ್ಡ ಬ್ಯಾಟರ್ ಅನ್ನುತ್ತಾರೆ, ಆದ್ದರಿಂದ ನಾಲ್ಕಾರು ಸೊನ್ನೆಗಳನ್ನು ಯಾರೂ ತಲೆಗೆ ಹಚ್ಚಿಕೊಳ್ಳುವುದಿಲ್ಲ. ಆದರೆ 21ಕ್ಕೆ ಸೊನ್ನೆ! ಸರಣಿ ಬ್ರೂಕ್ಲಿನ್ ಕೈತಪ್ಪಿತು. ಚಳಿಗಾಲ ಕಳೆದು ಹೊಸ ಋತು ಶುರುವಾದರೂ ಗ್ರಹಚಾರ ಬಿಡಲಿಲ್ಲ. ಮೇ ನಡುವಿನ ಹೊತ್ತಿಗೆ ಅವನ ಸರಾಸರಿ .187, ಅಂದರೆ ಹತ್ತಕ್ಕೆ ಎರಡು ಹಿಟ್ ಕೂಡ ಇಲ್ಲ. ಮ್ಯಾನೇಜರ್ ಚಾರ್ಲಿ ಡ್ರೆಸೆನ್ ಅವನನ್ನು ಕೆಲವು ದಿನ ಹೊರಗೆ ಕೂರಿಸಿದ.

ಪಾದ್ರಿಯ ಮಾತಿನ ಸುದ್ದಿ ಪತ್ರಿಕೆಗೂ ಹೋಯಿತು, ಊರಿಡೀ ಹಬ್ಬಿತು. ಅಂಚೆಯಲ್ಲಿ ಗಿಲ್ ಹೆಸರಿಗೆ ಕಾಗದಗಳು, ಜಪಮಾಲೆಗಳು, ಅದೃಷ್ಟದ ತಾಯಿತಗಳು ಬಂದು ಬೀಳತೊಡಗಿದವು. ಇದೇ ಜನ ಎಬೆಟ್ಸ್ ಫೀಲ್ಡ್ ಕ್ರೀಡಾಂಗಣದಲ್ಲಿ ಕೂತರೆ ಮಹಾ ಬಾಯಿಬಡುಕರು. ಡ್ಯೂಕ್ ಸ್ನೈಡರ್‌ನಂಥ ದೊಡ್ಡ ಆಟಗಾರನಿಗೂ ಅಲ್ಲಿ ಛೀಮಾರಿ ತಪ್ಪಿರಲಿಲ್ಲ. ಗಿಲ್‌ನನ್ನು ಮಾತ್ರ ಅವರು ಕೂಗಾಡಿ ಅವಮಾನಿಸಲಿಲ್ಲ ಎಂಬುದನ್ನು ಅವನ ಜೊತೆ ಆಡಿದವರೇ ಬೆರಗಿನಿಂದ ನೆನೆದಿದ್ದಾರೆ. 2007ರಲ್ಲಿ ವಿಶ್ವಕಪ್ಪಿನ ಒಂದು ಸೋಲಿಗೆ ರಾಂಚಿಯಲ್ಲಿ ಧೋನಿ ಕಟ್ಟಿಸುತ್ತಿದ್ದ ಮನೆಯ ಮೇಲೆ ಜನ ನುಗ್ಗಿದ್ದನ್ನು ಕಂಡ ನಮಗೆ ಬ್ರೂಕ್ಲಿನ್ ಜನರ ಈ ನಡತೆ ಸುಲಭಕ್ಕೆ ಅರ್ಥವಾಗದು.

ಪ್ರಾರ್ಥನೆ ಫಲಿಸಿತೆ? ಡ್ರೆಸೆನ್‌ನನ್ನು ಕೇಳಿದರೆ ಕೆಲಸಕ್ಕೆ ಬಂದದ್ದು ಸಿನಿಮಾ ರೀಲು. ಹಾಡ್ಜಸ್ ಬ್ಯಾಟ್ ಬೀಸುವುದನ್ನು ಚಿತ್ರೀಕರಿಸಿ, ಚೆಂಡು ಬರುವಾಗ ಮುಂಗಾಲನ್ನು ಅವನು ಹೇಗೆ ಹೊರಕ್ಕೆ ಎಳೆದುಕೊಳ್ಳುತ್ತಾನೆ ಎಂಬುದನ್ನು ಅವನಿಗೇ ತೋರಿಸಿದ್ದರು. ಅಂತೂ ಋತು ಮುಗಿಯುವ ಹೊತ್ತಿಗೆ ಸರಾಸರಿ .302, ಹೋಮ್ ರನ್ 31. ಆ ವರ್ಷದ ವರ್ಲ್ಡ್ ಸೀರೀಸ್‌ನಲ್ಲಿ .364. ಯಾಂಕೀಸ್ ಮತ್ತೆ ಗೆದ್ದರು, ಆ ಮಾತು ಬೇರೆ.

ನನಗೆ ಕುತೂಹಲ ಹುಟ್ಟಿಸಿದ್ದು ಈ ಅಂಕಿಗಳಲ್ಲ. 370 ಹೋಮ್ ರನ್ ಹೊಡೆದವನೊಬ್ಬನನ್ನು ಒಂದು ಊರು ಅವನ ಅತಿ ಕೆಟ್ಟ ದಿನಗಳ ಮೂಲಕವೇ ನೆನಪಿಟ್ಟುಕೊಂಡಿತಲ್ಲ, ಅದು. ಮುಂದೆ ಅವನ ಹೆಸರಿನಲ್ಲಿ ಒಂದು ಸೇತುವೆ ಆಯಿತು, ಶಾಲೆ ಆಯಿತು, ಕೊನೆಗೆ ಬೇಸ್‌ಬಾಲ್ ದಿಗ್ಗಜರ ಹಾಲ್ ಆಫ್ ಫೇಮ್‌ನಲ್ಲಿ ಕಂಚಿನ ಫಲಕವೂ ಆಯಿತು. ಅವನ ಬಗ್ಗೆ ಬರೆದವರು ಎಲ್ಲಿಂದ ಶುರುಮಾಡಿದರೂ ಸೆಕೆಯ ಆ ಭಾನುವಾರಕ್ಕೆ ಒಮ್ಮೆ ಬಂದೇ ಹೋಗುತ್ತಾರೆ.

ಗಿಲ್ ಬ್ರೂಕ್ಲಿನ್‌ನವನಲ್ಲ. ಹುಟ್ಟಿದ್ದು 1924ರಲ್ಲಿ ಇಂಡಿಯಾನಾದ ಪ್ರಿನ್ಸ್‌ಟನ್‌ನಲ್ಲಿ, ಬೆಳೆದದ್ದು ಅಲ್ಲೇ ಹತ್ತಿರದ ಪೀಟರ್ಸ್‌ಬರ್ಗ್‌ನಲ್ಲಿ. ಅಪ್ಪ ಕಲ್ಲಿದ್ದಲ ಗಣಿಯ ಕೆಲಸಗಾರ. 1943ರಲ್ಲಿ ಡಾಡ್ಜರ್ಸ್ ಪರ ಒಂದೇ ಪಂದ್ಯ ಆಡಿ ನೌಕಾ ಪದಾತಿ ದಳ ಸೇರಿದ, ಒಕಿನಾವಾದ ಕದನ ಕಂಡ, ಬ್ರಾಂಜ್ ಸ್ಟಾರ್ ಪದಕ ಪಡೆದ. ಯುದ್ಧದ ಮಾತನ್ನು ಆಮೇಲೆ ಅವನು ಎತ್ತಿದ್ದೇ ಅಪರೂಪ. 1948ರಲ್ಲಿ ಬ್ರೂಕ್ಲಿನ್ ಹುಡುಗಿ ಜೋನ್ ಲೊಂಬಾರ್ಡಿಯನ್ನು ಮದುವೆಯಾಗಿ ಅಲ್ಲೇ ಮನೆ ಮಾಡಿದ. ಋತು ಮುಗಿದ ಕೂಡಲೇ ಆಟಗಾರರು ತಂತಮ್ಮ ಊರಿನ ಬಸ್ಸು ಹತ್ತುತ್ತಿದ್ದ ಕಾಲ ಅದು. ಗಿಲ್ ಹನ್ನೆರಡು ತಿಂಗಳೂ ಬ್ರೂಕ್ಲಿನ್ ರಸ್ತೆಗಳಲ್ಲಿ ಕಣ್ಣಿಗೆ ಬೀಳುತ್ತಿದ್ದ. ದಿನಸಿ ಅಂಗಡಿಯಲ್ಲಿ ಎದುರಾಗುವ ನೆರೆಮನೆಯವನನ್ನು ಮಾರನೆ ದಿನ ಮೈದಾನದಲ್ಲಿ ಬೈಯುವುದು ಹೇಗೆ?

ಆಳು ದೈತ್ಯ. ಅಂಗೈ ಎಷ್ಟು ದೊಡ್ಡದೆಂದರೆ, ಫಸ್ಟ್ ಬೇಸ್‌ನಲ್ಲಿ ನಿಲ್ಲಲು ಅವನಿಗೆ ಗ್ಲೌಸಿನ ಅಗತ್ಯವೇ ಇಲ್ಲ, ಫ್ಯಾಶನ್ ಅಂತ ಹಾಕಿಕೊಳ್ಳುತ್ತಾನೆ ಎಂದು ತಂಡದಲ್ಲಿ ತಮಾಷೆ ಮಾಡುತ್ತಿದ್ದರು. ಮೈದಾನದಲ್ಲಿ ಕೈಕೈ ಮಿಲಾಯಿಸುವ ಗಲಾಟೆಯಾದರೆ ಎರಡೂ ಕಡೆಯವರನ್ನು ಹಿಡಿದು ಬಿಡಿಸುವುದು ಅವನ ಪಾಲಿನ ಕೆಲಸ.

1955ರ ಅಕ್ಟೋಬರ್ 4ರಂದು ಬ್ರೂಕ್ಲಿನ್‌ನ ಹರಕೆ ತೀರಿತು. ಅದಕ್ಕೆ ಮೊದಲು ಐದು ವರ್ಲ್ಡ್ ಸೀರೀಸ್‌ಗಳಲ್ಲಿ ಯಾಂಕೀಸ್ ಎದುರು ಸೋತಿದ್ದ ಡಾಡ್ಜರ್ಸ್ ಆವತ್ತು ಏಳನೇ ಪಂದ್ಯವನ್ನು 2–0ಯಿಂದ ಗೆದ್ದರು. ಎರಡೂ ರನ್ ಬಂದದ್ದು ಹಾಡ್ಜಸ್ ಬ್ಯಾಟಿನಿಂದ. ಜೊತೆಗಾರ ಪೀ ವೀ ರೀಸ್ ಎಸೆದ ಚೆಂಡನ್ನು ಹಿಡಿದು ಕೊನೆಯ ಔಟ್ ಮಾಡಿದವನೂ ಅವನೇ. ಎರಡೇ ವರ್ಷಕ್ಕೆ ಮಾಲೀಕರು ತಂಡವನ್ನು ಗಂಟುಮೂಟೆ ಕಟ್ಟಿ ಲಾಸ್ ಏಂಜಲಿಸ್‌ಗೆ ಸಾಗಿಸಿದರು. 1957ರ ಸೆಪ್ಟೆಂಬರ್ 24ರಂದು ಎಬೆಟ್ಸ್ ಫೀಲ್ಡಿನ ಕಡೆಯ ಪಂದ್ಯಕ್ಕೆ ಬಂದವರು ಬರೀ 6,702 ಮಂದಿ. ಅಲ್ಲಿ ಕೊನೆಯ ರನ್ ತಂದದ್ದೂ ಹಾಡ್ಜಸ್‌ನ ಹೊಡೆತವೇ. 1960ರಲ್ಲಿ ಕ್ರೀಡಾಂಗಣ ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸಿದರು. ತಂಡವೆಂಬುದು ಊರಿನದ್ದು ಎಂದು ನಂಬಿ ಕೂತ ಜನರಿಗೆ, ಅದು ಕಾಗದಪತ್ರ ಇರುವವನ ಸೊತ್ತು ಎಂದು ಇದಕ್ಕಿಂತ ಒರಟಾಗಿ ಹೇಳಲು ಸಾಧ್ಯವಿರಲಿಲ್ಲ. ನಮ್ಮ ಐಪಿಎಲ್ ಕಾಲದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗಿಲ್ ತಂಡದ ಹಿಂದೆ ಪಶ್ಚಿಮಕ್ಕೆ ಹೋದ, ಆದರೆ ಬ್ರೂಕ್ಲಿನ್ ನಂಟು ಕಡಿಯಲಿಲ್ಲ. 1962ರಲ್ಲಿ ನ್ಯೂಯಾರ್ಕಿಗೆ ಮೆಟ್ಸ್ ಎಂಬ ಹೊಸ ತಂಡ ಬಂದಾಗ ಅದರ ಇತಿಹಾಸದ ಮೊಟ್ಟಮೊದಲ ಹೋಮ್ ರನ್ ಹೊಡೆದವನು ಅವನೇ. ಆ ವರ್ಷ ಮೆಟ್ಸ್ ಸೋತದ್ದು 120 ಪಂದ್ಯ! ಮರುವರ್ಷ ಜಿಮ್ಮಿ ಪಿಯರ್‌ಸಾಲ್ ಎಂಬ ಆಟಗಾರನನ್ನು ತೆಗೆದುಕೊಂಡು ಗಿಲ್‌ನನ್ನು ಮ್ಯಾನೇಜರ್ ಆಗಲೆಂದು ವಾಷಿಂಗ್ಟನ್ ಸೆನೆಟರ್ಸ್‌ಗೆ ಬಿಟ್ಟುಕೊಟ್ಟರು. ವಾಷಿಂಗ್ಟನ್‌ನ ಐದು ವರ್ಷಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಒಬ್ಬ ಪಿಚರ್ ಮತ್ತು 1 ಲಕ್ಷ ಡಾಲರ್ ತೆತ್ತು ಮೆಟ್ಸ್ ಅವನನ್ನು ಮ್ಯಾನೇಜರ್ ಆಗಿ ವಾಪಸ್ ಕರೆಸಿಕೊಂಡಿತು.

1968ರ ಸೆಪ್ಟೆಂಬರಿನಲ್ಲಿ ಅಟ್ಲಾಂಟಾದಲ್ಲಿ ಪಂದ್ಯ ನಡೆದಿದ್ದಾಗಲೇ ಅವನಿಗೆ ಹೃದಯಾಘಾತವಾಯಿತು. ಸಿಗರೇಟು ಬಹಳ ಸೇದುತ್ತಿದ್ದ. ಚೇತರಿಸಿಕೊಂಡು ಬಂದ ಮರುವರ್ಷವೇ ಮೆಟ್ಸ್ 100 ಪಂದ್ಯ ಗೆದ್ದು ಜಗತ್ತಿನ ಚಾಂಪಿಯನ್ ಆಯಿತು.

ಆ ವರ್ಷದ ಜುಲೈ 30ರ ಒಂದು ನಡಿಗೆಯನ್ನು ಮೆಟ್ಸ್ ಅಭಿಮಾನಿಗಳು ಇವತ್ತಿಗೂ ನಟಿಸಿ ತೋರಿಸುತ್ತಾರೆ. ಶೇ ಕ್ರೀಡಾಂಗಣದಲ್ಲಿ ಹ್ಯೂಸ್ಟನ್ ತಂಡ ಮೆಟ್ಸನ್ನು ಹಿಗ್ಗಾಮುಗ್ಗಾ ಬಾರಿಸುತ್ತಿತ್ತು. ಎಡಗಡೆ ದೂರದಲ್ಲಿ ನಿಂತಿದ್ದ ಮೆಟ್ಸ್‌ನ ಕ್ಲಿಯಾನ್ ಜೋನ್ಸ್ ಒಂದು ಚೆಂಡಿನ ಹಿಂದೆ ಮನಸ್ಸಿಲ್ಲದವನಂತೆ ಓಡಿದ. ಹಾಡ್ಜಸ್ ಡಗ್‌ಔಟ್‌ನಿಂದ ಎದ್ದ. ಪಿಚರ್‌ನನ್ನು ಬದಲಿಸಲು ಬಂದನೆಂದುಕೊಂಡರೆ ಪಿಚರ್‌ನನ್ನು ದಾಟಿ ಹೋದ. ಶಾರ್ಟ್‌ಸ್ಟಾಪ್‌ನಲ್ಲಿದ್ದವನಿಗೆ ಎದೆ ಧಸಕ್ಕೆಂದಿತು, ಅವನನ್ನೂ ದಾಟಿದ. ತಲೆ ತಗ್ಗಿಸಿ, ಒಂದಿಷ್ಟೂ ಅವಸರವಿಲ್ಲದೆ ಹುಲ್ಲಿನ ಮೇಲೆ ನಡೆಯುತ್ತ ಜೋನ್ಸ್ ಬಳಿ ಹೋಗಿ ನಿಂತ. ಏನೋ ಮಾತಾಯಿತು. ಹುಲ್ಲು ಒದ್ದೆಯಾಗಿತ್ತು, ಜೋನ್ಸ್‌ನ ಹಿಮ್ಮಡಿಯ ಕೀಲಿಗೂ ಪೆಟ್ಟಾಗಿತ್ತು. ಬಳಿಕ ಇಬ್ಬರೂ ಅದೇ ನಿಧಾನದಲ್ಲಿ ವಾಪಸಾದರು. ಗದರಲಿಲ್ಲ, ಕೈ ಎತ್ತಲಿಲ್ಲ. ತಂಡದ ಅತ್ಯುತ್ತಮ ಬ್ಯಾಟರ್‌ನನ್ನೇ ಹೀಗೆ ಕರೆತಂದ ಮೇಲೆ ಉಳಿದವರಿಗೆ ಬೇರೆ ಪಾಠ ಬೇಕಿರಲಿಲ್ಲ. ಜೋನ್ಸ್ ಮುಂದೆ ಹಾಡ್ಜಸ್‌ನನ್ನು ಮನಸಾರೆ ಹೊಗಳಿದವರಲ್ಲೊಬ್ಬ.

ಅದೇ ಜೋನ್ಸ್ ಅಕ್ಟೋಬರ್ 16ರ ವರ್ಲ್ಡ್ ಸೀರೀಸ್ ಪಂದ್ಯದಲ್ಲಿ ಇನ್ನೊಂದು ಕತೆಗೂ ಕಾರಣನಾದ. ಬಾಲ್ಟಿಮೋರ್ ವಿರುದ್ಧ ಮೆಟ್ಸ್ 0–3 ಹಿಂದಿತ್ತು. ಪಿಚರ್ ಎಸೆದ ಚೆಂಡು ಜೋನ್ಸ್‌ನ ಕಾಲ ಬುಡದಲ್ಲಿ ಬಿದ್ದು ಪುಟಿದು ಮೆಟ್ಸ್ ಡಗ್‌ಔಟ್‌ನೊಳಕ್ಕೆ ಹೋಯಿತು. ಕಾಲಿಗೆ ತಾಕಿಲ್ಲ ಎಂದ ಅಂಪೈರ್ ಲೂ ಡಿಮುರೊ. ಹಾಡ್ಜಸ್ ಆ ದೊಡ್ಡ ಅಂಗೈಯಲ್ಲಿ ಚೆಂಡು ಹಿಡಿದು ಹೊರಗೆ ಬಂದು ತೋರಿಸಿದ, ಅದರ ಮೇಲೆ ಶೂ ಪಾಲಿಶಿನ ಕಲೆ. ಡಿಮುರೊ ತೀರ್ಪು ಬದಲಿಸಿ ಜೋನ್ಸ್‌ನನ್ನು ಫಸ್ಟ್ ಬೇಸ್‌ಗೆ ಕಳಿಸಿದ. ಮುಂದಿನ ಬ್ಯಾಟರ್ ಡಾನ್ ಕ್ಲೆಂಡೆನನ್ ಹೋಮ್ ರನ್ ಹೊಡೆದ. ಪಂದ್ಯ 5–3, ಟ್ರೋಫಿ ಮೆಟ್ಸ್‌ಗೆ. ಆ ಕಲೆ ಜೋನ್ಸ್‌ನ ಶೂವಿನದೇ? ವರ್ಷಗಳ ಮೇಲೆ ಮೆಟ್ಸ್ ಪಿಚರ್ ಜೆರ್ರಿ ಕೂಸ್ಮನ್, ಹಾಡ್ಜಸ್ ಹೇಳಿದ್ದಕ್ಕೆ ಚೆಂಡನ್ನು ತಾನೇ ತನ್ನ ಶೂಗೆ ಉಜ್ಜಿ ಕೊಟ್ಟೆ ಎಂದುಬಿಟ್ಟ. ಬೇರೆಯವರದು ಬೇರೆ ಕತೆ. ಜಗಳ ಇನ್ನೂ ಮುಗಿದಿಲ್ಲ, ಮುಗಿಯಬೇಕೆಂಬ ಆಸೆಯೂ ಯಾರಿಗಿದ್ದಂತಿಲ್ಲ. ಅಂಪೈರ್‌ಗಳ ಜೊತೆ ಸುಮ್ಮಸುಮ್ಮನೆ ವಾದಕ್ಕಿಳಿಯುವವನಲ್ಲ ಎಂಬ ಹೆಸರು ಹಾಡ್ಜಸ್‌ಗಿತ್ತು, ಆವತ್ತು ನಡೆದದ್ದು ಆ ಹೆಸರಿನ ಬಲದಿಂದ ಎಂಬುದು ನನ್ನ ಅಂದಾಜು. ಕೂಸ್ಮನ್ ಮಾತು ನಿಜವಾದರೆ, ಇಪ್ಪತ್ತು ವರ್ಷ ಕೂಡಿಟ್ಟ ಪುಣ್ಯವನ್ನು ಗಿಲ್ ಒಂದೇ ಚೆಂಡಿಗೆ ಖರ್ಚು ಮಾಡಿದ!

1972ರ ಏಪ್ರಿಲ್ 1ರಿಂದ ಆಟಗಾರರು ಮುಷ್ಕರ ಹೂಡಿದರು, ಅಮೆರಿಕದ ಬೇಸ್‌ಬಾಲ್‌ನಲ್ಲಿ ಅಂಥದ್ದು ಅದೇ ಮೊದಲು. ಪಂದ್ಯಗಳು ನಿಂತವು. ಮಾರನೆಯ ದಿನ ಈಸ್ಟರ್ ಭಾನುವಾರ. ಫ್ಲಾರಿಡಾದ ವೆಸ್ಟ್ ಪಾಮ್ ಬೀಚ್‌ನಲ್ಲಿ ಬಿಡುವಾಗಿ ಕೂತಿದ್ದ ಗಿಲ್ ತನ್ನ ಮೂವರು ಸಹಾಯಕ ಕೋಚ್‌ಗಳ ಜೊತೆ ಗಾಲ್ಫ್ ಆಡಿ ಹೋಟೆಲಿಗೆ ಮರಳುತ್ತಿದ್ದ. ಊಟಕ್ಕೆ ಎಷ್ಟು ಹೊತ್ತಿಗೆ ಸೇರೋಣ ಎಂದು ಅವರಲ್ಲೊಬ್ಬನಾದ ಜೋ ಪಿಗ್ನಟಾನೊ ಕೇಳಿದ. ಏಳೂವರೆಗೆ ಎಂದ ಗಿಲ್ ಅಲ್ಲೇ ಹಿಂದಕ್ಕೆ ಉರುಳಿ ಬಿದ್ದ. ಎರಡು ದಿನ ಕಳೆದಿದ್ದರೆ 48 ತುಂಬುತ್ತಿತ್ತು.

ಬ್ರೂಕ್ಲಿನ್‌ನ ಅವನದೇ ಚರ್ಚಿನಲ್ಲಿ ಅಂತ್ಯವಿಧಿಗೆ ಜನ ಒಳಗೆ ಹಿಡಿಸದೆ ಬೀದಿಯಲ್ಲಿ ನಿಂತರು. ಬೇಸ್‌ಬಾಲ್‌ನ ವರ್ಣಭೇದದ ಗೋಡೆ ಒಡೆದ ಜಾಕಿ ರಾಬಿನ್ಸನ್, ಡಾಡ್ಜರ್ಸ್‌ನಲ್ಲಿ ಗಿಲ್‌ನ ಸಂಗಾತಿ, ಹೊರಗೆ ಕಾರಿನಲ್ಲಿ ಕೂತು ಅಳುತ್ತಿದ್ದುದನ್ನು ಗಿಲ್‌ನ ಮಗ ಮುಂದೆ ಹೇಳಿಕೊಂಡಿದ್ದಾನೆ. ರಾಬಿನ್ಸನ್ ಹಿಂದಿನ ವರ್ಷವಷ್ಟೇ ಹಿರಿಮಗನನ್ನು ಕಳೆದುಕೊಂಡಿದ್ದ, ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗಿತ್ತು, ಅದೇ ಅಕ್ಟೋಬರಿನಲ್ಲಿ ಅವನೂ ಹೋದ. ಇತ್ತ ಮೆಟ್ಸ್ ಆಡಳಿತ ಅಂತ್ಯವಿಧಿಯ ದಿನವೇ ಹೊಸ ಮ್ಯಾನೇಜರ್ ಯೋಗಿ ಬೆರ್ರಾ ಎಂದು ಪ್ರಕಟಿಸಿತು. ಸೂತಕ ಕಳೆಯುವವರೆಗೆ ತಡೆದಿದ್ದರೆ ಯಾವ ಪಂದ್ಯವೂ ತಪ್ಪಿಹೋಗುತ್ತಿರಲಿಲ್ಲ, ಹೇಗೂ ಮುಷ್ಕರ ನಡೆದಿತ್ತು.

ಆಮೇಲಿನದು ಅಭಿಮಾನಿಗಳ ಕತೆ. ಬ್ರೂಕ್ಲಿನ್‌ನಲ್ಲಿ ಮಕ್ಕಳ ಶಾಲೆಯೊಂದಕ್ಕೆ ಅವನ ಹೆಸರಾಯಿತು. ಫ್ಲಾಟ್‌ಬುಷ್ ಅವೆನ್ಯೂದ ತುದಿಯಿಂದ ರಾಕವೇ ಕಡಲತೀರಕ್ಕೆ ದಾಟಿಸುವ, 1937ರಷ್ಟು ಹಳೆಯ ಮೆರೀನ್ ಪಾರ್ಕ್‌ವೇ ಸೇತುವೆಗೆ 1978ರಲ್ಲಿ ಗಿಲ್ ಹಾಡ್ಜಸ್ ಹೆಸರು ಸೇರಿತು. ಕೂಪರ್ಸ್‌ಟೌನ್‌ನ ಹಾಲ್ ಆಫ್ ಫೇಮ್ ಮಾತ್ರ ಬಹುಕಾಲ ಬಾಗಿಲು ತೆರೆಯಲಿಲ್ಲ. ಪತ್ರಕರ್ತರ ಮತಪಟ್ಟಿಯಲ್ಲಿ ಅವನ ಹೆಸರು 15 ಸಲ ಬಂದು ಹೋಯಿತು. 75 ಶೇಕಡಾ ಬೇಕಿದ್ದಲ್ಲಿ ಕಡೆಯ ಸಲ, 1983ರಲ್ಲಿ, ಸಿಕ್ಕಿದ್ದು 63.4. ಬಳಿಕ ಹಿರಿಯರ ಸಮಿತಿಯ ಸರದಿ. 1993ರಲ್ಲಿ ಒಂದೇ ಮತ ಕಡಿಮೆಯಾಯಿತು ಎಂದು ಬ್ರೂಕ್ಲಿನ್‌ನವರು ಲೆಕ್ಕ ಕೊಡುತ್ತಾರೆ: ಸಮಿತಿಯಲ್ಲಿದ್ದ ರಾಯ್ ಕ್ಯಾಂಪನೆಲ್ಲಾ, ಗಿಲ್‌ನ ಹಳೇ ಜೊತೆಗಾರ, ಹಾಸಿಗೆ ಹಿಡಿದಿದ್ದರಿಂದ ಸಭೆಗೆ ಬರಲಾಗಲಿಲ್ಲ, ದೂರದಿಂದ ಹಾಕುವ ಮತವನ್ನು ಒಪ್ಪಲಿಲ್ಲ. ಅದೇ ಜೂನ್‌ನಲ್ಲಿ ಕ್ಯಾಂಪನೆಲ್ಲಾ ತೀರಿಕೊಂಡ. ಅಭಿಮಾನಿಗಳು ಕಾಗದ ಬರೆಯುತ್ತ ಹೋದರು. ಎಬೆಟ್ಸ್ ಫೀಲ್ಡ್ ಕಂಡವರಿಗೆ ವಯಸ್ಸಾಯಿತು, ಅವರ ಮಕ್ಕಳು ಬರೆದರು.

2021ರ ಡಿಸೆಂಬರ್ 5ರಂದು 16 ಜನರ ಸಮಿತಿಯಲ್ಲಿ 12 ಮತ ಬಂತು. ಬೇಕಿದ್ದದ್ದೂ ಅಷ್ಟೇ, ಒಂದು ಹೆಚ್ಚಿಲ್ಲ. ಜೋನ್ ಹಾಡ್ಜಸ್ ಅವರಿಗೆ ಆಗ 95. ಮರು ಜುಲೈನಲ್ಲಿ ಕೂಪರ್ಸ್‌ಟೌನ್ ವೇದಿಕೆಯ ಮೇಲೆ ಮಾತಾಡಿದ್ದು ಮಗಳು ಐರೀನ್. ತಾಯಿ ಆ ಸೆಪ್ಟೆಂಬರಿನಲ್ಲಿ ತೀರಿಕೊಂಡರು.

ಹಾಡ್ಜಸ್ ತೊಟ್ಟ 14ನೇ ನಂಬರಿನ ಅಂಗಿಯನ್ನು ಇನ್ನು ಯಾರಿಗೂ ಕೊಡುವುದಿಲ್ಲವೆಂದು ಮೆಟ್ಸ್ 1973ರಲ್ಲೇ ತೀರ್ಮಾನಿಸಿತ್ತು. ಡಾಡ್ಜರ್ಸ್ ಇದನ್ನು ಮಾಡಿದ್ದು 2022ರ ಜೂನ್‌ನಲ್ಲಿ. ಹಾಲ್ ಆಫ್ ಫೇಮ್ ಸೇರಿದವರಿಗಷ್ಟೇ ಆ ಗೌರವ ಎಂಬುದು ಆಗ ಆ ತಂಡದ ಕಟ್ಟಳೆಯಾಗಿತ್ತಂತೆ. ಜಿಮ್ ಗಿಲಿಯಂ ಎಂಬ ಆಟಗಾರನಿಗೋಸ್ಕರ 1978ರಲ್ಲಿ ಅದೇ ಕಟ್ಟಳೆಯನ್ನು ಅವರೇ ಸಡಿಲಿಸಿದ್ದರು.