ನಡುಗುವ ನೆಲದ ಮೇಲೆ ವ್ಯಾಪಾರ

2021ರ ನವರಾತ್ರಿಯ ವಾರ. ಹಬ್ಬದ ಖರೀದಿಗೆ ಅಂಗಡಿಗಳು ಸಿದ್ಧವಾಗಿದ್ದ ಹೊತ್ತಿನಲ್ಲಿ, ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರ ಗ್ರಾಮದಲ್ಲಿ ಜನರು ಗಂಟುಮೂಟೆ ಕಟ್ಟುತ್ತಿದ್ದರು. ಅಕ್ಟೋಬರ್ 11ರ ರಾತ್ರಿ ರಿಕ್ಟರ್ ಮಾಪಕದಲ್ಲಿ ಸುಮಾರು 4ರ ಪ್ರಮಾಣದ ಕಂಪನವಾಯಿತು, ಮರುದಿನ ಮತ್ತೊಂದು. ಅದಕ್ಕೂ ಮೊದಲಿನಿಂದಲೇ ನೆಲದೊಳಗಿನಿಂದ ಗುಡುಗಿನಂತಹ ಸದ್ದು ಕೇಳಿಬರುತ್ತಿತ್ತು. ಅನೇಕರು ವಾಹನ ಸಿಕ್ಕಂತೆ ನೆಂಟರ ಊರುಗಳಿಗೆ ಹೊರಟರು. ಉಳಿದವರು ಮನೆಯ ಮುಂದೆ ಶೆಡ್ಡು ಹಾಕಿಕೊಂಡು ಅಲ್ಲಿಯೇ ಅಡುಗೆ, ಅಲ್ಲಿಯೇ ನಿದ್ರೆ ಎಂದು ದಿನ ಕಳೆದರು.

ಈ ಭಯ ಅಕಾರಣವಾದುದಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನೆರೆಯ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಸಂಭವಿಸಿದ ಭೂಕಂಪವನ್ನು ಕಲಬುರಗಿ, ಬೀದರ್ ಜಿಲ್ಲೆಗಳ ಜನ ಮರೆತಿಲ್ಲ. ಅಲ್ಲಿ ಸಾವಿರಾರು ಮಂದಿ ಸತ್ತದ್ದು ಮಣ್ಣಿನ ಗಾರೆಯ ದಪ್ಪ ಕಲ್ಲುಗೋಡೆ ಮತ್ತು ಭಾರವಾದ ಛಾವಣಿಗಳ ಅಡಿಯಲ್ಲಿ. ಅಂತಹ ಮನೆಗಳು ಆ ಭಾಗದಲ್ಲಿ ಇಂದಿಗೂ ಇವೆ.

ದೊಡ್ಡ ಭೂಕಂಪವೊಂದು ಆದ ಮೇಲೆ ಬರುವ ಪಶ್ಚಾತ್ ಕಂಪನಗಳು ಕಾಲಕ್ರಮದಲ್ಲಿ ವಿರಳವಾಗುತ್ತವೆ. 2001ರ ಜನವರಿ 26ರ ಭುಜ್ ಭೂಕಂಪದ ನಂತರ ತಿಂಗಳುಗಟ್ಟಲೆ ನೆಲ ನಡುಗಿತಾದರೂ ದೊಡ್ಡ ಆಘಾತ ಮೊದಲೇ ಆಗಿಹೋಗಿತ್ತು. ಗಡಿಕೇಶ್ವರದ್ದು ಬೇರೆ ಬಗೆ. ಮಳೆಗಾಲದ ನೀರು ಸುಣ್ಣಕಲ್ಲಿನ ಪದರಗಳಿಗೆ ಇಳಿದು ಒಳಗಿನ ಒತ್ತಡ ಬದಲಾಗುವುದರಿಂದ ಇಂತಹ ಸಣ್ಣ ಕಂಪನಗಳ ಸರಣಿ ಉಂಟಾಗುತ್ತದೆ ಎಂಬುದು ತಜ್ಞರ ವಿವರಣೆ. ಇಲ್ಲಿ ಮುಖ್ಯ ಆಘಾತ ಆಗಿದೆಯೋ, ಇನ್ನೂ ಬರಬೇಕೋ ಎಂಬ ಪ್ರಶ್ನೆಗೆ ಅಂದು ಯಾರೂ ಖಚಿತ ಉತ್ತರ ಕೊಡುವಂತಿರಲಿಲ್ಲ. ವ್ಯಾಪಾರವನ್ನು ನಿಲ್ಲಿಸುವುದು ಈ ಅನಿಶ್ಚಿತತೆಯೇ ಹೊರತು ಕಂಪನದ ಪ್ರಮಾಣವಲ್ಲ.

ಇಂತಹ ಊರಿನ ಕಿರಾಣಿ ವರ್ತಕನ ಸ್ಥಿತಿಯನ್ನು ಊಹಿಸಿಕೊಳ್ಳಬಹುದು. ಹಬ್ಬಕ್ಕೆಂದು ಸಾಲದಲ್ಲಿ ತಂದ ಸರಕು ಕದಲುವುದಿಲ್ಲ. ತಾಡಪಾಲು, ಟಾರ್ಚು, ಬಿಸ್ಕತ್ತಿಗೆ ಬೇಡಿಕೆ. ಪೇರಿಸಿದ ಚೀಲಗಳಿರುವ ಗೋದಾಮಿನೊಳಗೆ ಕಾಲಿಡಲು ಹಮಾಲರು ಒಪ್ಪುವುದಿಲ್ಲ. ಊರು ಬಿಟ್ಟ ಗಿರಾಕಿಗಳ ಉದ್ರಿ ಖಾತೆಯಲ್ಲಿಯೇ ಉಳಿಯುತ್ತದೆ. ಬ್ಯಾಂಕಿನ ಬಡ್ಡಿ ಮಾತ್ರ ತಪ್ಪದೆ ಏರುತ್ತದೆ. ಉದ್ರಿ ವಸೂಲಾಗದಿದ್ದರೆ ಆದಾಯ ತೆರಿಗೆಯಲ್ಲಿ ಅದನ್ನು ಪುಸ್ತಕದಿಂದ ತೆಗೆದು ಖರ್ಚು ಹಾಕಲು ಅವಕಾಶವುಂಟು. ಆದರೆ ಆ ಮಾರಾಟದ ಮೇಲೆ ಕಟ್ಟಿದ ಜಿಎಸ್‌ಟಿ ಹಿಂದಕ್ಕೆ ಬರುವುದಿಲ್ಲ.

ವಿಮೆ ಇದೆಯಲ್ಲ ಎಂದು ಹಲವರು ಭಾವಿಸಿರುತ್ತಾರೆ. ಕಟ್ಟಡ, ಯಂತ್ರ ಅಥವಾ ಸರಕಿಗೆ ಭೌತಿಕ ಹಾನಿಯಾದಾಗ ಮಾತ್ರ ವಿಮಾ ಕಂಪನಿ ಹಣ ಕೊಡುತ್ತದೆ. ವಹಿವಾಟು ನಿಂತದ್ದರಿಂದಾಗುವ ಲಾಭನಷ್ಟಕ್ಕೆ ಪ್ರತ್ಯೇಕ ಪಾಲಿಸಿ ಪಡೆದಿದ್ದರೂ ಸಾಮಾನ್ಯವಾಗಿ ಅದಕ್ಕೆ ಮೊದಲು ಭೌತಿಕ ಹಾನಿ ಆಗಿರಲೇಬೇಕು. ಗೋಡೆ ಬೀಳದೆ, ಗಿರಾಕಿ ಬಾರದೆ ಮೂರು ವಾರ ಬಾಗಿಲು ಮುಚ್ಚಿದವನಿಗೆ ಬಿಡಿಗಾಸೂ ದೊರೆಯದು.

ಹಾನಿಯಾದವರ ವಿಷಯದಲ್ಲಿ ಒಂದು ಸುಧಾರಣೆ ಆಗಿದೆ. ಹಿಂದಿನ ಅಗ್ನಿ ವಿಮಾ ಪಾಲಿಸಿಯಲ್ಲಿ ಭೂಕಂಪಕ್ಕೆ ಹೆಚ್ಚುವರಿ ಪ್ರೀಮಿಯಂ ಕಟ್ಟಬೇಕಿತ್ತು. ಅದನ್ನು ಉಳಿಸಲು ಹೋಗಿ ಕೈಬಿಟ್ಟವರೇ ಬಹಳ. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿಯಲ್ಲಿ, ಅಂದರೆ ಒಂದು ಸ್ಥಳದಲ್ಲಿನ ಆಸ್ತಿಯ ಮೌಲ್ಯ 5 ಕೋಟಿ ರೂಪಾಯಿಗಳವರೆಗೆ ಇರುವವರಿಗೆ, ಭೂಕಂಪವೂ ಸೇರಿಯೇ ಇರುತ್ತದೆ. 5ರಿಂದ 50 ಕೋಟಿಯವರೆಗಿನವರಿಗೆ ಭಾರತ್ ಲಘು ಉದ್ಯಮ ಸುರಕ್ಷಾ ಇದೆ. ಆಸ್ತಿಯನ್ನು ನೈಜ ಮೌಲ್ಯಕ್ಕಿಂತ ಶೇ. 15ರವರೆಗೆ ಕಡಿಮೆ ವಿಮೆ ಮಾಡಿಸಿದ್ದರೂ ಕಡಿತವಿಲ್ಲ. ಅದನ್ನು ಮೀರಿದರೆ ಪರಿಹಾರ ಅನುಪಾತದಲ್ಲಿ ತಗ್ಗುತ್ತದೆ. ಬ್ಯಾಂಕಿನವರು ಸಾಲದ ಮೊತ್ತಕ್ಕಷ್ಟೇ ವಿಮೆ ಮಾಡಿಸಿದಾಗ ಆಗುವುದು ಇದೇ.

ಇದೆಲ್ಲ ಕಲಬುರಗಿಯವರ ಮಾತು, ಚನ್ನಗಿರಿ ತಾಲ್ಲೂಕಿನ ನಲ್ಲೂರಿನ ಅಡಿಕೆ ವರ್ತಕರಿಗೇಕೆ ಎನಿಸಬಹುದು. ದಾವಣಗೆರೆ ಜಿಲ್ಲೆ 2002ರ ಭೂಕಂಪ ವಲಯ ನಕ್ಷೆಯಲ್ಲಿ ಕಡಿಮೆ ಅಪಾಯದ ಎರಡನೆಯ ವಲಯದಲ್ಲಿತ್ತು. ಆದರೆ 1993ರಲ್ಲಿ ಕಿಲ್ಲಾರಿ ಇದ್ದದ್ದು ಅದಕ್ಕಿಂತಲೂ ಕಡಿಮೆ ಅಪಾಯದ್ದೆನಿಸಿದ ಒಂದನೆಯ ವಲಯದಲ್ಲಿ! ಆ ಅನುಭವದ ತರುವಾಯ, 2002ರ ಪರಿಷ್ಕರಣೆಯಲ್ಲಿ ಒಂದನೆಯ ವಲಯವನ್ನೇ ತೆಗೆದುಹಾಕಲಾಯಿತು. ಅಡಿಕೆ ಕೊಯ್ಲಿನ ಕಾಲದಲ್ಲಿ ಹಳೆಯ ಗೋಡೆಗಳ ನಡುವೆ ಲಕ್ಷಾಂತರ ರೂಪಾಯಿಯ ಮಾಲು ಇಡುವವರು ತಮ್ಮ ಪಾಲಿಸಿಯನ್ನು ಒಮ್ಮೆ ತೆರೆದು ಓದಲು ಇಷ್ಟು ಕಾರಣ ಸಾಕು.

ಇನ್ನೊಂದು ಅಂಶ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಹೆದರಿದ ವರ್ತಕ ಮೊದಲು ಮಾಡುವ ಕೆಲಸವೆಂದರೆ ಮಾಲನ್ನು ಗೋದಾಮಿನಿಂದ ತೆಗೆದು ಬಯಲಿನ ಶೆಡ್ಡಿಗೆ ಸಾಗಿಸುವುದು. ಆದರೆ ವಿಮೆ ಮುಖ್ಯವಾಗಿ ಪಾಲಿಸಿಯಲ್ಲಿ ನಮೂದಿಸಿದ ವಿಳಾಸಕ್ಕೆ ಅನ್ವಯಿಸುತ್ತದೆ. ಶೆಡ್ಡಿನಲ್ಲಿ ಮಾಲು ನೆನೆದರೆ ಅಥವಾ ಸುಟ್ಟರೆ ವಿವಾದ ಖಂಡಿತ. ಸಾಗಿಸುವ ಮೊದಲೇ ವಿಮಾ ಕಚೇರಿಗೆ ಲಿಖಿತವಾಗಿ ತಿಳಿಸಿ ಹೊಸ ಸ್ಥಳವನ್ನು ಪಾಲಿಸಿಗೆ ಸೇರಿಸಿಕೊಳ್ಳಬೇಕು. ಸಾಲವಿದ್ದರೆ ಬ್ಯಾಂಕಿಗೂ ಪ್ರತಿ ಕೊಡಬೇಕು. ಜಿಎಸ್‌ಟಿ ನೋಂದಣಿಯಲ್ಲಿ ಅದನ್ನು ಹೆಚ್ಚುವರಿ ವ್ಯವಹಾರ ಸ್ಥಳವೆಂದು ತೋರಿಸಬೇಕು. ನಾಶವಾದ ಸರಕಿನ ಮೇಲೆ ಪಡೆದಿದ್ದ ಹೂಡುವಳಿ ತೆರಿಗೆ ಜಮೆಯನ್ನು ಕೇಂದ್ರ ಜಿಎಸ್‌ಟಿ ಕಾಯಿದೆಯ 17(5)(ಎಚ್) ಪ್ರಕಾರ ಹಿಂದಿರುಗಿಸಬೇಕಾಗುತ್ತದೆ. ಆದ್ದರಿಂದ ವಿಮಾ ಮೊತ್ತ ನಿಗದಿ ಮಾಡುವಾಗಲೇ ಆ ತೆರಿಗೆಯನ್ನೂ ಸರಕಿನ ಬೆಲೆಗೆ ಸೇರಿಸುವ ಬಗ್ಗೆ ವಿಮಾ ಕಚೇರಿಯೊಡನೆ ಮಾತನಾಡಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆಯತಕ್ಕದ್ದು.