ಕೋಟೆಯ ಮಣ್ಣು, ಬಿದರಿಯ ಕಪ್ಪು

ಪೀತಮ್‌ಪುರದ ಟಿ.ವಿ. ಗೋಪುರದ ಹತ್ತಿರವೇ ದಿಲ್ಲಿ ಹಾಟ್ ಇದೆ. 2008ರಲ್ಲಿ ಶುರುವಾದ ಈ ಸಂತೆಯಲ್ಲಿ ದೇಶದ ಮೂಲೆಮೂಲೆಯ ಕುಶಲಕರ್ಮಿಗಳು ಬಂದು ತಮ್ಮ ಮಾಲನ್ನು ತಾವೇ ಮಾರುತ್ತಾರೆ. ಅಲ್ಲಿನ ಬಿದರಿ ಮಳಿಗೆಯಲ್ಲಿ ಹೂಜಿ, ಹೂದಾನಿಗಳ ನಡುವೆ ಒಂದು ಡಬ್ಬಿಯಲ್ಲಿ ಮಣ್ಣಿತ್ತು. ಬೀದರ್ ಕೋಟೆಯ ಮಣ್ಣು.

"ಎಲ್ಲಾ ಮಣ್ಣು ಆಗಂಗಿಲ್ರಿ. ಬಿಸಿಲು, ಮಳಿ ತಾಕದ ಜಾಗದ್ದೇ ಬೇಕು. ನಾಲಿಗಿ ಮ್ಯಾಲ ಇಟ್ರ ತಿಳೀತದ" ಎಂದರು ಮಳಿಗೆಯ ಹಿರಿಯರು.

ಬಿದರಿ ಪಾತ್ರೆಗೆ ಸತು ಹದಿನಾರು ಪಾಲಾದರೆ ತಾಮ್ರ ಒಂದು ಪಾಲು. ಎರಕ ಹೊಯ್ದು, ಅರದಿಂದ ನಯಗೊಳಿಸಿ, ಮೈಲುತುತ್ತದ ನೀರು ಬಳಿದು, ಅದರ ಮೇಲೆ ಬರಿಗೈಯಲ್ಲೇ ಬಳ್ಳಿ, ಹೂ ಗೀರುತ್ತಾರೆ. ಉಳಿಯಿಂದ ಕೊರೆದ ಸಾಲಿನೊಳಗೆ ಬೆಳ್ಳಿ ತಂತಿ ಕೂರಿಸಿ ಬಡಿಯುತ್ತಾರೆ. ಬೆಸುಗೆಯಿಲ್ಲ, ಅಂಟಿಲ್ಲ. ಉಜ್ಜಿ ಹೊಳಪು ಕೊಟ್ಟಾಗ ಬೆಳ್ಳಿ ಯಾವುದು, ಸತು ಯಾವುದು ಎಂದೇ ತಿಳಿಯದು. ಆಗಲೇ ಈ ಮಣ್ಣಿನ ಸರದಿ. ನವಸಾಗರ ಬೆರೆಸಿದ ಮಣ್ಣನ್ನು ಬೆಚ್ಚಗಾದ ಪಾತ್ರೆಗೆ ತಿಕ್ಕಿದರೆ ಮೈಯೆಲ್ಲ ಕಡುಕಪ್ಪು. ಬೆಳ್ಳಿ ಮಾತ್ರ ಹಾಗೇ ಬೆಳಗುತ್ತದೆ.

ಬೀಜಿಂಗ್‌ನಲ್ಲಿ ನೋಡಿದ್ದ ಜಿಂಗ್‌ತಾಯ್‌ಲಾನ್ ಹೂದಾನಿಗಳು ನೆನಪಾದವು. ಅಲ್ಲಿ ತಾಮ್ರದ ಮೈಮೇಲೆ ತಂತಿಯಿಂದ ಪುಟ್ಟ ಪುಟ್ಟ ಮನೆ ಕಟ್ಟಿ, ಗಾಜಿನ ಪುಡಿಯ ಬಣ್ಣ ತುಂಬಿ, ಮತ್ತೆ ಮತ್ತೆ ಸುಡುತ್ತಾರೆ. 1450ರ ದಶಕದಲ್ಲಿ ಆಳಿದ ಮಿಂಗ್ ಚಕ್ರವರ್ತಿಯ ಹೆಸರು ಅದಕ್ಕೆ. ಆಗ ಬೀದರ್ ಬಹಮನಿಗಳ ರಾಜಧಾನಿ. ಆ ಕಲೆ ಚೀನಾಕ್ಕೆ ಹೋದದ್ದು ಪಶ್ಚಿಮದಿಂದ. ಬಿದರಿಯೂ ಇರಾನಿನ ಕಸುಬುದಾರರ ಜೊತೆ ಬಂತೆಂದು ಹಿರಿಯರ ಹೇಳಿಕೆ. ಆ ಚೀನೀ ಹೂದಾನಿಗಳ ನೀಲಿ ಬಣ್ಣ ಕಣ್ಣು ತುಂಬುತ್ತದೆ, ನಿಜ. ನನ್ನ ಮನಸ್ಸು ಒಲಿಯುವುದು ಬಿದರಿಯ ಕಪ್ಪು ಬಿಳುಪಿಗೇ.

ಬಿದರಿಗೆ 2006ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿತು. 2023ರಲ್ಲಿ ಬೀದರ್‌ನ ಬಿದರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಆದರೂ ಬೆಳ್ಳಿ ದರ ಏರಿದಾಗಲೆಲ್ಲ ಪೆಟ್ಟು ಕಸುಬುದಾರರಿಗೇ. ಗಿರಾಕಿಗಳು ಕೇಳುವುದು ಉಂಗುರ, ಕೀಲಿಗೊಂಚಲು. ದೊಡ್ಡ ಹೂಜಿ ಕೆತ್ತುವ ಕೈಗೆ ಕೆಲಸ ಕಡಿಮೆ.

"ಹುಡುಗ್ರು ಕೂಡಂಗಿಲ್ರಿ. ಸೊಂಟ ನೋಯ್ತದ ಅಂತಾರ."

ದಿಲ್ಲಿಯ ಕನ್ನಡಿಗರು ಅತ್ತ ಹೋದರೆ, ಚೌಕಾಸಿಗಿಂತ ಮೊದಲು ಒಂದು ತಟ್ಟೆ ಎತ್ತಿಕೊಂಡು ಬಳ್ಳಿಯ ಮೇಲೆ ಬೆರಳು ಸವರಿ ನೋಡಿ. ತಂತಿಯ ಅಂಚು ಎಲ್ಲೂ ತಾಕುವುದಿಲ್ಲ. ಮಳಿಗೆಯ ಸರದಿ ಮುಗಿದೊಡನೆ ಹಿರಿಯರು ಊರಿಗೆ ಹೊರಡುತ್ತಾರೆ. ಮತ್ತೆ ಇಲ್ಲಿ ಮಳಿಗೆ ಯಾವಾಗ ಸಿಕ್ಕೀತೋ, ಅವರಿಗೂ ಗೊತ್ತಿರಲಿಲ್ಲ.